ಬಾಯಿಪಾಠದ ಅಂಕಿಗಳು

ಮಸಗುಪ್ಪಿಯಲ್ಲಿ ಸತ್ತೆಪ್ಪ ಮುನ್ಯಾಳ ಎಂದು ಕೇಳಿದರೆ ಯಾರೂ ಥಟ್ಟನೆ ಮನೆ ತೋರಿಸುವುದಿಲ್ಲ. ಊರಲ್ಲಿ ಸತ್ತೆಪ್ಪ ಅನ್ನುವವರು ಇನ್ನೂ ಮೂವರಿದ್ದಾರೆ. ‘ಇಮಾನದ ಸತ್ತೆಪ್ಪ’ ಅನ್ನಬೇಕು. ಆಗ ಚಹಾದಂಗಡಿಯವನೇ ಎದ್ದು ಬಂದು ದಾರಿ ತೋರಿಸುತ್ತಾನೆ. ಜೀವಮಾನದಲ್ಲಿ ಒಮ್ಮೆಯೂ ವಿಮಾನ ಹತ್ತದವನಿಗೆ ಆ ಹೆಸರು ಬಿದ್ದದ್ದು, ಅವನು ಐದು ವರ್ಷ ವಿಮಾನ ನಿಲ್ದಾಣದಲ್ಲಿ ಜನರ ಚೀಲ ತಪಾಸಣೆ ಮಾಡುತ್ತಿದ್ದನೆಂದು. ೨೦೦೬ರ ಮಾರ್ಚ್ ತಿಂಗಳಲ್ಲಿ ಅವನು ಘಟಪ್ರಭಾ ಸ್ಟೇಶನ್ನಿನಲ್ಲಿ ತನ್ನ ಕಬ್ಬಿಣದ ಟ್ರಂಕು ಇಳಿಸಿಕೊಂಡು ಊರಿಗೆ ಬಂದಾಗ, ‘ಎಷ್ಟ ದಿನ ಸೂಟಿ?’ ಎಂದು ಕೇಳಿದವರಿಗೆಲ್ಲ ‘ಇನ್ನ ಕಾಯಂ ಸೂಟಿನ’ ಅಂದ. ಮೂವತ್ತೇಳರ ವಯಸ್ಸಿನಲ್ಲಿ ಕೇಂದ್ರ ಸರಕಾರದ ಭದ್ರತಾ ದಳದ ನೌಕರಿ ಯಾರು ಬಿಟ್ಟು ಬರುತ್ತಾರೆ? ಜನ ತಮಗೆ ತೋಚಿದ್ದು ಆಡಿಕೊಂಡರು. ಲಂಚ ತಿಂದಿರಬೇಕು ಅಂದರು, ಸಾಹೇಬರ ಮೇಲೆ ಕೈ ಮಾಡಿರಬೇಕು ಅಂದರು. ಅವನು ಯಾರ ಮಾತಿಗೂ ಎದುರಾಡಲಿಲ್ಲ.

ನಿಜ ಸಂಗತಿ ಇಷ್ಟು: ಸತ್ತೆಪ್ಪನಿಗೆ ಹುಟ್ಟಿನಿಂದಲೇ ಕೆಲವು ಬಣ್ಣ ಕಾಣುತ್ತಿರಲಿಲ್ಲ.

ಅದನ್ನು ಮೊದಲು ಕಂಡುಹಿಡಿದವಳು ಅವನ ಅಕ್ಕ ಯಲ್ಲವ್ವ. ತಾಯಿ ತೀರಿಕೊಂಡಾಗ ಸತ್ತೆಪ್ಪನಿಗೆ ಆರು ವರ್ಷ, ಯಲ್ಲವ್ವನಿಗೆ ಹನ್ನೆರಡು. ಅಪ್ಪ ಅಪ್ಪಣ್ಣ ಹೊಲ, ಮನೆ, ಮಕ್ಕಳು ಎಲ್ಲವನ್ನೂ ಒಂದೇ ಗದರಿಕೆಯಲ್ಲಿ ನಡೆಸುತ್ತಿದ್ದ ಮನುಷ್ಯ. ಒಂದು ಸಲ ಮೆಣಸಿನಕಾಯಿ ಬಿಡಿಸಲು ಇಬ್ಬರನ್ನೂ ಹೊಲಕ್ಕೆ ಕಳಿಸಿದ್ದ. ಕೆಂಪಾದದ್ದನ್ನಷ್ಟೇ ಬಿಡಿಸಬೇಕು. ಸಂಜೆ ಬುಟ್ಟಿ ನೋಡಿದರೆ ತಮ್ಮನ ಬುಟ್ಟಿಯಲ್ಲಿ ಅರ್ಧಕ್ಕರ್ಧ ಹಸಿಕಾಯಿ. ಯಲ್ಲವ್ವ ಬೈಯಲಿಲ್ಲ. ಒಂದು ಹಣ್ಣುಗಾಯಿ, ಒಂದು ಹಸಿಕಾಯಿ ಎರಡನ್ನೂ ಅವನ ಮುಂದೆ ಹಿಡಿದು, “ಇದರಾಗ ಕೆಂಪು ಯಾವುದೋ?” ಅಂದಳು. ಅವನು ಅಕ್ಕನ ಮುಖ ನೋಡುತ್ತ ನಿಂತ. ಅವಳ ಕಣ್ಣು ಯಾವ ಕೈಯ ಕಡೆ ಹೋಗುತ್ತದೋ ಅದನ್ನು ತೋರಿಸಬೇಕೆಂದು. ಯಲ್ಲವ್ವನಿಗೆ ತಿಳಿಯಿತು. ಹಸಿಕಾಯಿಗಳನ್ನೆಲ್ಲ ಆರಿಸಿ ತನ್ನ ಸೆರಗಿಗೆ ಕಟ್ಟಿಕೊಂಡಳು. “ಅಪ್ಪಗ ಹೇಳಬ್ಯಾಡ. ಹಣ್ಣಾಗಿದ್ದು ಒತ್ತಿದರ ಮೆತ್ತಗ ಹತ್ತತೈತಿ, ಹಸೀದು ಬಿರುಸು. ಕೈಲೆ ನೋಡಿ ಬಿಡಸು” ಎಂದು ಹೇಳಿಕೊಟ್ಟಳು. ಅಲ್ಲಿಂದ ಮುಂದೆ ಅವನಿಗೆ ಬಣ್ಣ ಬೇಕಾದ ಕಡೆಯಲ್ಲೆಲ್ಲ ಅಕ್ಕ ಇರುತ್ತಿದ್ದಳು. ಶಾಲೆಯ ಚಿತ್ರದ ತಾಸಿಗೆ ಬಣ್ಣದ ಬಳಪಗಳ ಮೇಲೆ ಗೀರು ಹಾಕಿ ಗುರುತು ಮಾಡಿಕೊಟ್ಟವಳೂ ಅವಳೇ.

ಯಲ್ಲವ್ವನನ್ನು ಹುಕ್ಕೇರಿಗೆ ಕೊಟ್ಟರು. ಗಂಡ ಬಸವಣ್ಣೆಪ್ಪನದು ಬಸ್ ಸ್ಟ್ಯಾಂಡಿನ ಬಾಜೂಕ್ಕೆ ಒಂದು ಸಾಯಿಕಲ್ ಅಂಗಡಿ. ಸಾಧು ಮನುಷ್ಯ. ಹೆಂಡತಿ ಹಾಕಿದ ಗೆರೆ ದಾಟುತ್ತಿರಲಿಲ್ಲ. ಸತ್ತೆಪ್ಪ ಪಿಯುಸಿ ಓದಲೆಂದು ಅಕ್ಕನ ಮನೆಗೇ ಬಂದು ಇದ್ದ. ಎತ್ತರದ ಆಳು, ಓಟದಲ್ಲಿ ಮುಂದು. ದಳಕ್ಕೆ ಸೇರಬೇಕೆಂಬ ಹುಚ್ಚು ಅವನಿಗೆ ಹಿಡಿದದ್ದು ಆಗಲೇ. ಆದರೆ ಭರ್ತಿಗೆ ಹೋಗಿ ಬಂದ ಹುಡುಗರು ಒಂದು ಮಾತು ಹೇಳಿದರು: ಕೊನೆಗೆ ಕಣ್ಣಿನ ಪರೀಕ್ಷೆ ಇರುತ್ತದೆ, ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸುತ್ತಾರೆ, ಚುಕ್ಕೆಗಳ ನಡುವೆ ಅಡಗಿದ ಅಂಕಿ ಹೇಳಬೇಕು. ಅಂದು ಅವನು ಊಟ ಮಾಡಲಿಲ್ಲ.

ಗೋಕಾಕದಲ್ಲಿ ಮಾಯಪ್ಪ ಎಂಬ ನಿವೃತ್ತ ಸಿಪಾಯಿ ಇದ್ದ. ದಳದ ದವಾಖಾನೆಯಲ್ಲಿ ಕೆಲಸ ಮಾಡಿದವನು. ಅವನ ಹತ್ತಿರ ಅಂಥದೊಂದು ಹಳೆಯ ಪುಸ್ತಕ ಇದೆಯೆಂದು ಸುದ್ದಿ ತಂದವಳು ಯಲ್ಲವ್ವ. ಹೋಗಿ ಕೇಳಿ, ತಿಂಗಳ ಮಟ್ಟಿಗೆ ಇಸಕೊಂಡು ಬಂದವಳೂ ಅವಳೇ. ಮಧ್ಯಾಹ್ನ ಗಂಡ ಅಂಗಡಿಗೆ ಹೋದ ಮೇಲೆ ಪಡಸಾಲೆಯಲ್ಲಿ ಪಾಠ. ತೊಡೆಯ ಮೇಲೆ ಎರಡು ವರ್ಷದ ಮಗ ಅಭಿಷೇಕ, ಎದುರಿಗೆ ತಮ್ಮ. ಅವಳು ಹಾಳೆ ತಿರುವುತ್ತಿದ್ದಳು, ಅವನು ಹೇಳುತ್ತಿದ್ದ. ಹನ್ನೆರಡು. ಎಂಟು. ಇಪ್ಪತ್ತೊಂಬತ್ತು. ಐದು. ಮೂರು. ಹದಿನೈದು. ಎಪ್ಪತ್ನಾಲ್ಕು. ಎಲ್ಲರಿಗೂ ಕಾಣುವ ಮೊದಲ ಹಾಳೆಯ ಹನ್ನೆರಡು ಬಿಟ್ಟರೆ ಅವನಿಗೆ ಅಲ್ಲಿ ಅಂಕಿ ಕಾಣುತ್ತಲೇ ಇರಲಿಲ್ಲ, ಬರೀ ಚುಕ್ಕೆ. ಆದರೆ ಯಾವ ಹಾಳೆಯಲ್ಲಿ ಎಡಗಡೆ ಅಂಚಿಗೆ ದೊಡ್ಡ ಚುಕ್ಕೆಗಳು ಮೂರು ಕೂಡಿವೆ, ಯಾವುದರಲ್ಲಿ ತುದಿಯ ಚುಕ್ಕೆ ಅರ್ಧ ಕತ್ತರಿಸಿದ ಹಾಗಿದೆ ಅನ್ನುವುದನ್ನು ಅವನು ಗುರುತು ಇಟ್ಟುಕೊಂಡ. ಯಲ್ಲವ್ವ ಹಾಳೆಗಳನ್ನು ಹಿಂದು ಮುಂದು ಮಾಡಿ ಕೇಳಿದಳು. ಇಪ್ಪತ್ತೈದನೆಯ ದಿನ ಒಂದೂ ತಪ್ಪಲಿಲ್ಲ. “ಆತು, ಇನ್ನ ದೇವರು ಬಂದು ಕೇಳಿದರೂ ಹೇಳತಿ ನೀ” ಎಂದು ನಗುತ್ತ ಅವನ ಬಾಯಿಗೆ ಬೆಲ್ಲ ಹಾಕಿದಳು. ೧೯೯೦ರಲ್ಲಿ ಸತ್ತೆಪ್ಪ ಭರ್ತಿಯಾದ. ಮಾಯಪ್ಪ ಮರುವರ್ಷ ತೀರಿಕೊಂಡ. ಗುಟ್ಟು ಅಕ್ಕ ತಮ್ಮಂದಿರ ನಡುವೆಯೇ ಉಳಿಯಿತು.

ಮೊದಲ ಹತ್ತು ವರ್ಷ ಕಾರ್ಖಾನೆಗಳ ಗೇಟು, ಗೋದಾಮುಗಳ ಕಾವಲು. ಅಲ್ಲಿ ಬಣ್ಣದ ಹಂಗಿಲ್ಲ. ನಡುವೆ ಮದುವೆಯಾಯಿತು. ಹೆಂಡತಿ ಭಾಗ್ಯಾಳಿಗೆ ಅವನ ಕಣ್ಣಿನ ಕತೆ ಗೊತ್ತಾದದ್ದು ಅವಳು ಬಸುರಿಯಾಗಿ ಕುಬಸ ಮಾಡುವ ಹೊತ್ತಿಗೆ. ಹಸಿರು ಸೀರೆ ತರುತ್ತೇನೆಂದು ಗೋಕಾಕದ ಅಂಗಡಿಗೆ ಒಬ್ಬನೇ ಹೋಗಿ, ಗಡಿಬಿಡಿಯಲ್ಲಿ ತಾನೇ ಆರಿಸಿ, ಕಂದು ಬಣ್ಣದ್ದನ್ನು ತಂದಿದ್ದ. ಬಂದ ಹೆಂಗಸರು ಮುಸಿಮುಸಿ ನಕ್ಕರು. ಭಾಗ್ಯಾ ಒಂದು ಕ್ಷಣ ಗಂಡನ ಮುಖ ನೋಡಿ, “ನಾನ ಹೇಳಿ ಕಳಿಸಿದ್ನಿ, ನನಗ ಇದ ಬಣ್ಣ ಸೇರತೈತಿ” ಅಂದು ಅದನ್ನೇ ಉಟ್ಟು ಕೂತಳು. ಆಮೇಲೂ ಗಂಡನನ್ನು ಒಂದು ಮಾತೂ ಕೇಳಲಿಲ್ಲ.

೨೦೦೧ರಲ್ಲಿ ಅವನಿಗೆ ವಿಮಾನ ನಿಲ್ದಾಣಕ್ಕೆ ವರ್ಗವಾಯಿತು. ಅದು ಯಾವ ಊರು ಎನ್ನುವುದು ಇಲ್ಲಿ ಬೇಡ. ಮೊದಲ ವರ್ಷ ಪ್ರಯಾಣಿಕರ ಮೈ ತಡವಿ ನೋಡುವ ಕೆಲಸ. ಆಮೇಲೆ ಎಕ್ಸ್‌ರೇ ಯಂತ್ರದ ಮುಂದೆ ಕೂರಿಸಿದರು. ಚೀಲ ಪಟ್ಟಿಯ ಮೇಲೆ ಹರಿದು ಬರುತ್ತದೆ, ಅದರ ಒಳಗಿನದೆಲ್ಲ ಪರದೆಯ ಮೇಲೆ ಮೂಡುತ್ತದೆ. ಕಬ್ಬಿಣ, ಉಕ್ಕು ಇದ್ದರೆ ನೀಲಿ. ಬಟ್ಟೆ, ತಿನಿಸು, ಸಾಬೂನು, ಸಿಡಿಮದ್ದು, ಇಂಥವೆಲ್ಲ ಕೇಸರಿ. ಎರಡರ ನಡುವಿನದು ಹಸಿರು. ಸತ್ತೆಪ್ಪನಿಗೆ ನೀಲಿ ಕಾಣುತ್ತಿತ್ತು. ಕೇಸರಿಯೂ ಹಸಿರೂ ಒಂದೇ ಮಣ್ಣು ಬಣ್ಣ.

ಯಂತ್ರದಲ್ಲಿ ಬಣ್ಣ ತೆಗೆದು ಚಿತ್ರವನ್ನು ಕಪ್ಪು ಬಿಳುಪು ಮಾಡುವ ಒಂದು ಗುಂಡಿ ಇತ್ತು. ಅವನು ಕೂತೊಡನೆ ಅದನ್ನು ಒತ್ತಿಬಿಡುತ್ತಿದ್ದ. ‘ಸತ್ತೆಪ್ಪನ ಟಾಕೀಜಿನಾಗ ಹಳೇ ಸಿನಿಮಾ’ ಎಂದು ಜೊತೆಯವರು ನಗುತ್ತಿದ್ದರು. ಆದರೆ ಆಕಾರ ಹಿಡಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅಂಚಾಗಿ ನಿಂತ ಚಾಕು, ಮಕ್ಕಳ ಆಟಿಕೆಯ ನಡುವಿನ ಕತ್ತರಿ, ಯಾವುದನ್ನೂ ಬಿಡುತ್ತಿರಲಿಲ್ಲ. ಎರಡು ಸಲ ಸಾಹೇಬರು ಎಲ್ಲರ ಮುಂದೆ ಹೊಗಳಿದರು. ತನ್ನ ಕಣ್ಣಿನಲ್ಲಿ ಕೊರತೆ ಇದೆ ಅನ್ನುವುದನ್ನು ಅವನೇ ಮರೆಯುತ್ತ ಬಂದಿದ್ದ.

೨೦೦೫ರ ಮಳೆಗಾಲದಲ್ಲಿ ನಿಲ್ದಾಣದ ಮೇಲಿನ ಮಹಡಿಯ ಒಂದು ಕೋಣೆಗೆ ಹತ್ತು ಕಂಪ್ಯೂಟರು ಬಂದವು. ಇನ್ನು ಮೇಲೆ ಯಂತ್ರದ ಮುಂದೆ ಕೂರುವವರೆಲ್ಲ ಅವುಗಳ ಮೇಲೆ ತರಬೇತಿ ಪಡೆದು ಪರೀಕ್ಷೆ ಕೊಡಬೇಕು ಎಂದು ಆದೇಶ. ಕಲಿಸಲು ಬಂದವಳು ಶುಭಾಂಗಿ ಎಂಬ ಇಪ್ಪತ್ತಾರರ ಹುಡುಗಿ, ನಿಪ್ಪಾಣಿ ಕಡೆಯ ಜೈನರವಳು. ಸತ್ತೆಪ್ಪ ಗೋಕಾಕದ ಕಡೆಯವನೆಂದು ತಿಳಿದು ಮೊದಲ ದಿನವೇ, “ಅಯ್ಯ, ನಮ್ಮ ಮಂದೀನ ಅದೀರಿ!” ಅಂದಿದ್ದಳು.

ತರಬೇತಿ ನೋಡಲು ಸುಲಭ. ಪರದೆಯ ಮೇಲೆ ಒಂದು ಚೀಲದ ಚಿತ್ರ ಬರುತ್ತದೆ. ಹತ್ತು ಎಣಿಸುವುದರೊಳಗೆ ‘ಅಪಾಯ ಇದೆ’ ಅಥವಾ ‘ಇಲ್ಲ’ ಒತ್ತಬೇಕು. ಇದೆ ಅಂದರೆ ಎಲ್ಲಿದೆ ಎಂದು ಬಾಣ ಇಟ್ಟು ತೋರಿಸಬೇಕು. ತಪ್ಪಿದರೆ ಯಂತ್ರವೇ ಆ ವಸ್ತುವಿನ ಸುತ್ತ ಚೌಕ ಹಾಕಿ ತೋರಿಸುತ್ತದೆ, ಮತ್ತೆ ಬೇರೆ ಚೀಲದಲ್ಲಿ ಅದೇ ವಸ್ತುವನ್ನು ಅಡ್ಡ ಮಲಗಿಸಿ ತಂದು ಕೇಳುತ್ತದೆ. ವಯಸ್ಸಾದ ಹವಾಲ್ದಾರರು ಮೌಸು ಮುಟ್ಟಲು ಹೆದರುತ್ತಿದ್ದರು. ಸತ್ತೆಪ್ಪ ಮೂರನೆಯ ದಿನಕ್ಕೆ ಕಲಿತು, ಅವರ ಕೈ ಹಿಡಿದು ಕಲಿಸಿದ. ಚಾಕು, ಬಿಚ್ಚಿಟ್ಟ ಪಿಸ್ತೂಲು ಬಂದರೆ ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ಅವನ ಬಾಣ. ಆದರೆ ಆ ಕಂಪ್ಯೂಟರಿನಲ್ಲಿ ಕಪ್ಪು ಬಿಳುಪು ಮಾಡುವ ಗುಂಡಿ ಇರಲಿಲ್ಲ. ಬಣ್ಣ ನೋಡಿಯೇ ಹಿಡಿಯಬೇಕಾದ ಸ್ಫೋಟಕಗಳ ಚಿತ್ರ ಬಂದಾಗಲೆಲ್ಲ ಅವನು ‘ಇಲ್ಲ’ ಒತ್ತಿದ. ಯಂತ್ರ ಚೌಕ ಹಾಕಿ ತೋರಿಸಿದ ಮೇಲೂ ಅವನಿಗೆ ಅಲ್ಲಿ ಬಟ್ಟೆಯ ಮಡಿಕೆಯಷ್ಟೇ ಕಂಡಿತು.

ಕಂಪ್ಯೂಟರು ಯಾರು ಎಲ್ಲಿ ತಪ್ಪಿದರೆಂದು ತಾನೇ ಬರೆದಿಡುತ್ತಿತ್ತು. ಪರೀಕ್ಷೆಯ ಮರುದಿನ ಮಧ್ಯಾಹ್ನ ಶುಭಾಂಗಿ ಅವನೊಬ್ಬನನ್ನೇ ಕರೆದಳು. ಬಾಗಿಲು ಓರೆ ಮಾಡಿ, ಒಂದು ಚೀಲದ ಚಿತ್ರ ತೆರೆದಿಟ್ಟಳು.

“ಸತ್ತೆಪ್ಪ ಅವರ, ಇದರಾಗ ನಡುವ ಎರಡು ವಸ್ತು ಅದಾವ. ಯಾವುದರ ಬಣ್ಣ ಯಾವುದು, ಹೇಳ್ರಿ.”

ಅವನು ಬಹಳ ಹೊತ್ತು ನೋಡಿದ. ನಂತರ, ಚಿಕ್ಕಂದಿನಲ್ಲಿ ಮಾಡಿದಂತೆ ಅವಳ ಮುಖ ನೋಡಿದ. ಅವಳು ಕಣ್ಣು ಕೆಳಗಿಳಿಸಿದ್ದಳು.

“ಎರಡೂ ಒಂದ ಬಣ್ಣ ಐತಲ್ರಿ ಮೇಡಮ್.”

ಶುಭಾಂಗಿ ಮೌಸಿನಿಂದ ಕೈ ತೆಗೆದಳು. “ಯಾವಾಗಿಂದ್ರಿ?”

“ಹುಟ್ಟಿದಾಗಿಂದ್ರಿ.”

“ಮತ್ತ ಭರ್ತಿ ಆಗೂ ಮುಂದ ನೋಡಲಿಲ್ಲೇನ್ರಿ?”

ಅವನು ಪರದೆಯ ಕಡೆಗೇ ತಿರುಗಿದ. ಅವಳು ಮತ್ತೆ ಕೇಳಲಿಲ್ಲ. “ಶುಕ್ರವಾರ ನಾ ಎಲ್ಲಾರ ವರದಿ ಮ್ಯಾಲೆ ಕಳಿಸಬೇಕ್ರಿ. ಅಷ್ಟರಾಗ ನೀವ ಅರ್ಜಿ ಬರದು ಕೊಟ್ಟರ ಚಲೋ. ನಾ ಹೇಳೂದಕ್ಕಿಂತ ನೀವು ಹೇಳಿದರ ಮರ್ಯಾದಿ ಉಳಿತೈತಿ” ಅಂದಳು.

ಸತ್ತೆಪ್ಪ ಎದ್ದು ಬಾಗಿಲ ತನಕ ಹೋಗಿ ತಿರುಗಿ ನಿಂತ. “ಮೇಡಮ್, ಮೂರು ವರ್ಷ ಆತ್ರಿ ನಾ ಅಲ್ಲಿ ಕುಂತು. ನನ್ನ ಮುಂದಿಂದ ಹೋದ ಚೀಲದಾಗ ಏನರ ಇದ್ದಿದ್ದರ…”

“ಏನೂ ಆಗಿಲ್ಲಲ್ರಿ. ಆಗಿದ್ದರ ಗೊತ್ತಾಗತಿತ್ತು.”

“ಆಗಿಲ್ಲರಿ. ಆದರ ನಾ ನೋಡಿಲ್ಲಲ್ರಿ.”

ಅಂದು ಸಂಜೆ ಅವನು ಡ್ಯೂಟಿಗೆ ಹೋಗಲಿಲ್ಲ. ಪ್ರಯಾಣಿಕರು ಕಾಯುವ ಕಡೆ ಒಂದು ಕುರ್ಚಿಯಲ್ಲಿ ಕೂತು, ಒಳಗೆ ಹೋಗುವವರನ್ನು ನೋಡುತ್ತ ಇದ್ದ. ಹೆಗಲ ಮೇಲೆ ಮಗುವನ್ನು ಮಲಗಿಸಿಕೊಂಡವರು, ಮುಡಿ ಕೊಟ್ಟು ಬಂದ ಮುದುಕಿಯರು, ಮದುವೆ ಮುಗಿಸಿ ಬಂದ ಜನ. ಇವರೆಲ್ಲ ತನ್ನನ್ನು ನಂಬಿ ಹೋಗುತ್ತಿದ್ದರು ಅನ್ನುವುದು ಅವನಿಗೆ ಮೊದಲ ಸಲ ಹೊಳೆಯಿತು. ಗುರುವಾರ ಅರ್ಜಿ ಬರೆದು ಕೊಟ್ಟ. ಬಣ್ಣ ಕಾಣುವುದಿಲ್ಲವೆಂದು ಬರೆದ. ಬಾಯಿಪಾಠದ ಸಂಗತಿ ಬರೆಯಲಿಲ್ಲ. ಬರೆದರೆ ಅಕ್ಕನ ಹೆಸರು ಬರುತ್ತಿತ್ತು.

ತಪಾಸಣೆ ಮಾಡಿದ ಡಾಕ್ಟರರು ಹಿರಿಯರು. “ಇದು ರೋಗ ಅಲ್ಲಪ್ಪಾ, ತಾಯಿ ಕಡೆಯಿಂದ ಬರುವಂಥದು. ಅಕ್ಕ ತಂಗಿಯರಿದ್ದರೆ ಅವರ ಗಂಡುಮಕ್ಕಳನ್ನೂ ತೋರಿಸು” ಅಂದರು. ಅಭಿಷೇಕ ಚಿಕ್ಕವನಿದ್ದಾಗ ಹುಕ್ಕೇರಿಯ ಸಂತೆಯಲ್ಲಿ ಟೊಮ್ಯಾಟೊ ಆರಿಸಲು ಹೋಗಿ ಕಾಯಿ ತುಂಬಿಕೊಂಡು ಬಂದದ್ದು ಸತ್ತೆಪ್ಪನಿಗೆ ನೆನಪಾಯಿತು. ದಳದವರು ಅವನನ್ನು ಹೆಚ್ಚು ಕೆದಕಲಿಲ್ಲ. ಕಣ್ಣಿನ ಕಾರಣ ಎಂದು ಬರೆದು ಮನೆಗೆ ಕಳಿಸಿದರು.

ಊರಿಗೆ ಬಂದವನು ಘಟಪ್ರಭಾದ ಒಂದು ದವಾಖಾನೆಯ ಗೇಟಿನಲ್ಲಿ ಕಾವಲಿಗೆ ನಿಂತ. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಭಾಗ್ಯಾಳಿಗೆ ಎಲ್ಲವನ್ನೂ ಹೇಳಿದ. ಅಕ್ಕನಿಗೆ, ಕಣ್ಣು ಮಂಜಾಗಿದೆ, ಅದಕ್ಕೆ ಬಿಟ್ಟೆ ಅಂದ.

೨೦೦೭ರ ಸಂಕ್ರಾಂತಿಯ ಮರುದಿನ ಯಲ್ಲವ್ವ ಮಗನನ್ನು ಕರೆದುಕೊಂಡು ಮಸಗುಪ್ಪಿಗೆ ಬಂದಳು. ಅಭಿಷೇಕನಿಗೆ ಹತ್ತೊಂಬತ್ತು. ಮಾವನದೇ ಎತ್ತರ, ಮಾವನದೇ ಕಾಲು. ದಿನಾ ಬೆಳಗಾಗುವ ಮುಂಚೆ ಎದ್ದು ಸಂಕೇಶ್ವರದ ರಸ್ತೆಯಲ್ಲಿ ಓಡುತ್ತಿದ್ದ. ಮುಂದಿನ ತಿಂಗಳು ಬೆಳಗಾವಿಯಲ್ಲಿ ದಳದ ಭರ್ತಿ ಇತ್ತು. ಊಟವಾದ ಮೇಲೆ ಯಲ್ಲವ್ವ ತಮ್ಮನ ಹತ್ತಿರ ಸರಿದು ಕೂತಳು.

“ಸತ್ಯಾ, ಇಂವಗೂ ನಿನ್ನಂಗ ಐತಿ. ಓಟದಾಗ ಒಂದನೇ ನಂಬರ ಬರತಾನ, ಕಣ್ಣಿನಾಗ ಹೊಳ್ಳಿ ಕಳಸ್ತಾರ. ಆ ಪುಸ್ತಕ ಮಾಯಪ್ಪಗ ತಿರುಗಿ ಕೊಟ್ಟೆ, ಅಂವ ಹ್ವಾದ ಮ್ಯಾಲೆ ಎಲ್ಲಿ ಹೋತೋ ಏನೋ. ನಿನ್ನ ತಲ್ಯಾಗ ಐತಲ್ಲ, ಹೇಳಿಕೊಡು. ಮಂದಿ ಗೊತ್ತಿರತಾರ ನಿನಗ, ಪುಸ್ತಕ ಎಲ್ಲೆರ ಸಿಗತೈತೇನು ನೋಡು.”

ಸತ್ತೆಪ್ಪ ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟ. “ಬ್ಯಾಡಕ್ಕಾ” ಅಂದ. ಆಮೇಲೆ ಕಂಪ್ಯೂಟರಿನ ಕೋಣೆ, ಕೇಸರಿ ಹಸಿರು, ಶುಕ್ರವಾರದ ವರದಿ, ಎಲ್ಲವನ್ನೂ ಮೊದಲಿನಿಂದ ಹೇಳಿದ. ಅಷ್ಟು ಉದ್ದ ಅವನು ಯಾವತ್ತೂ ಮಾತಾಡಿದವನಲ್ಲ.

ಯಲ್ಲವ್ವ ಪೂರ್ತಿ ಕೇಳಿದಳು. “ಏನರ ಆತೇನು?”

“ಇಲ್ಲ.”

“ಯಾರರ ಸತ್ತರೇನು?”

“ಇಲ್ಲಕ್ಕಾ.”

“ಮತ್ತ? ಹದಿನಾರ ವರ್ಷ ಆ ಸುಳ್ಳಿನ ಅನ್ನ ಉಂಡಿ, ಮದಿವಿ ಮಾಡ್ಕೊಂಡಿ, ಮನಿ ಕಟ್ಟಿಸಿದಿ. ಮಡಲಾಗ ಇದ ಕೂಸನ್ನ ಇಟಗೊಂಡು ನಿನಗ ನಾ ಕಲಿಸಿದ್ನಿ. ಈಗ ನನ್ನ ಮಗನ ಸರದಿ ಬಂತು ಅಂದಕೂಡ್ಲೆ ನೀ ಸಂತ ಆದಿ?”

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಅಭಿಷೇಕ ಒಳಗೆ ಬಂದು ನಿಂತ. “ಮಾಮಾ, ನೀವು ಮಾಡಿದ್ರಿ. ನಾನೂ ಹುಷಾರಿಲೆ ಮಾಡ್ತೇನ್ರಿ. ಬಣ್ಣದ ಕೆಲಸಕ್ಕ ಹೋಗೂದಿಲ್ಲ” ಅಂದ.

“ಎಲ್ಲಿ ಕುಂಡ್ರಸ್ತಾರ ಅನ್ನೂದು ನಮ್ಮ ಕೈಯಾಗ ಇರಂಗಿಲ್ಲೋ ತಮ್ಮಾ. ನಾ ಏನು ಬೇಡಿ ಹೋಗಿದ್ನೇನು ಅಲ್ಲಿಗೆ? ಬ್ಯಾರೆ ಏನರ ಕಲಿ, ನಾ ದುಡದು ಓದಸ್ತೇನಿ. ಇದೊಂದ ಕೇಳಬ್ಯಾಡ.”

“ನೀ ಓದಸೂದು ಬ್ಯಾಡ” ಎಂದು ಯಲ್ಲವ್ವ ಎದ್ದಳು. ಭಾಗ್ಯಾ ಅಡ್ಡ ಬಂದು ಕೈ ಹಿಡಿದರೂ ನಿಲ್ಲಲಿಲ್ಲ. ತಾಯಿ ಮಗ ಇಬ್ಬರೂ ಬಿಸಿಲಲ್ಲೇ ಬಸ್ಸಿಗೆ ನಡೆದರು. ಅವಳು ತಂದಿದ್ದ ಎಳ್ಳು ಹೋಳಿಗೆಯ ಗಂಟು ಬಿಚ್ಚದೆ ಅಲ್ಲೇ ಉಳಿಯಿತು.

ಅಭಿಷೇಕ ಬೆಳಗಾವಿಗೆ ಹೋದ. ಓಟದಲ್ಲಿ ನಿಜವಾಗಿಯೂ ಮೊದಲನೆಯವನಾಗಿ ಬಂದ. ಕಣ್ಣಿನ ಪರೀಕ್ಷೆಯಲ್ಲಿ ಮೊದಲ ಹಾಳೆ ಹೇಳಿದ, ಎರಡನೆಯದಕ್ಕೆ ಸುಮ್ಮನೆ ನಿಂತ. ವಾಪಸು ಬಂದು ಎಂಟು ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಓಡಲು ಹಾಕುತ್ತಿದ್ದ ಬೂಟುಗಳನ್ನು ಅಪ್ಪನ ಅಂಗಡಿಗೆ ಬಂದ ಯಾರಿಗೋ ಕೊಟ್ಟುಬಿಟ್ಟ. ಆಮೇಲೆ ಇಚಲಕರಂಜಿಯ ಒಂದು ಮಗ್ಗದ ಕಾರ್ಖಾನೆಯಲ್ಲಿ ಗಂಟು ಹೊರುವ ಕೆಲಸಕ್ಕೆ ಸೇರಿದ. ಈ ಸುದ್ದಿಯೆಲ್ಲ ಸತ್ತೆಪ್ಪನಿಗೆ ತಲುಪಿದ್ದು ಬಸವಣ್ಣೆಪ್ಪನಿಂದ. ಪಾಪ, ಅವನು ಹೆಂಡತಿಗೆ ತಿಳಿಯದಂತೆ ಘಟಪ್ರಭಾದ ತನಕ ಬಂದು ಗೇಟಿನಲ್ಲಿ ನಿಂತು ಹೇಳಿ ಹೋದ. “ನಿಂದೇನು ತಪ್ಪಿಲ್ಲ ಮಾರಾಯಾ. ಆದರ ಆಕಿಗೆ ಹೇಳಾಕ ನನಗ ಧೈರ್ಯ ಇಲ್ಲ” ಅಂದ.

ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣ ತಮ್ಮಂದಿರು ಹೋಗಿ ಅಕ್ಕ ತಂಗಿಯರನ್ನು ತವರಿಗೆ ಕರೆತರುತ್ತಾರೆ. ದಳದಲ್ಲಿದ್ದಾಗ ಸೂಟಿ ಸಿಗದ ವರ್ಷ ಸತ್ತೆಪ್ಪ ಯಾರನ್ನಾದರೂ ಕಳಿಸಿ ಕರೆಸುತ್ತಿದ್ದ. ಆ ವರ್ಷ ತಾನೇ ಹುಕ್ಕೇರಿಗೆ ಹೋದ. ಯಲ್ಲವ್ವ ಒಳಗಿನಿಂದ ಬರಲೇ ಇಲ್ಲ. ‘ಮೈಯಾಗ ನೆಟ್ಟಗಿಲ್ಲಂತ’ ಎಂದು ಬಸವಣ್ಣೆಪ್ಪ ನೆಲ ನೋಡುತ್ತ ಹೇಳಿದ. ಮರುವರ್ಷ ಹೋದಾಗ ಬಾಗಿಲಿಗೆ ಬೀಗ ಇತ್ತು. ಅಂದು ಮುಂಜಾನೆಯೇ ಇಚಲಕರಂಜಿಗೆ ಮಗನ ಹತ್ತಿರ ಹೋಗಿದ್ದಳು.

೨೦೦೯ರ ಪಂಚಮಿಗೆ ಅವಳೇ ಬಾಗಿಲು ತೆರೆದಳು. ಬಹಳ ಸೊರಗಿದ್ದಳು, ಕೂದಲು ಅರ್ಧ ಬೆಳ್ಳಗಾಗಿತ್ತು. ಕುಂಡ್ರು ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ತಾಟಿನಲ್ಲಿ ಎರಡು ಶೇಂಗಾ ಉಂಡಿ ಇಟ್ಟು, ನೀರಿನ ತಂಬಿಗೆ ಇಟ್ಟು, ಕಂಬಕ್ಕೆ ಆತು ನಿಂತಳು. ಅವನು ಒಂದು ಉಂಡಿ ಮುರಿದು ಬಾಯಿಗೆ ಹಾಕಿಕೊಂಡ.

“ಅಭಿ ಹೆಂಗದಾನಕ್ಕಾ?”

“ಅದಾನ.”

ಆಮೇಲೆ ಅವಳೇ ಕೇಳಿದಳು. “ಸತ್ಯಾ, ಒಂದು ಕೇಳತೇನಿ, ಖರೆ ಹೇಳು. ಅವತ್ತ ಇದ ಪಡಸಾಲ್ಯಾಗ ಕುಂಡ್ರಸಿ ನಿನಗ ಕಲಿಸಿದ್ನೆಲ್ಲ, ಅದು ತಪ್ಪಾತೇನು?”

“ನೀ ಕಲಿಸದಿದ್ದರ ನನ್ನ ಬಾಳೇವು ಎಲ್ಲಿತ್ತಕ್ಕಾ…”

“ಅದನ್ನ ಕೇಳಲಿಲ್ಲ ನಾ.”

ಸತ್ತೆಪ್ಪ ತಲೆ ತಗ್ಗಿಸಿದ. ತಾಯಿಯ ಮುಖ ಅವನಿಗೆ ನೆನಪಿರಲಿಲ್ಲ. ನೆನಪಿದ್ದದ್ದೆಲ್ಲ ಈ ಅಕ್ಕನದೇ ಮುಖ. ತನಗೆ ಹಸಿವಾದಾಗ, ಪೆಟ್ಟು ಬಿದ್ದಾಗ, ಕತ್ತಲಿಗೆ ಹೆದರಿದಾಗ ಹತ್ತಿರ ಬಂದ ಮುಖ. ಇಲ್ಲಕ್ಕಾ ಅಂದುಬಿಟ್ಟರೆ ಅವಳು ಇವತ್ತೇ ಬಸ್ಸು ಹತ್ತಿ ಜೊತೆಗೆ ಬಂದಾಳು ಎಂದು ಅವನಿಗೆ ಗೊತ್ತಿತ್ತು.

“ತಪ್ಪಾತಕ್ಕಾ” ಅಂದ. “ನಿಂದೊಂದ ಅಲ್ಲ. ಇಬ್ಬರದೂ.”

ಯಲ್ಲವ್ವ ಅಳಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡಳು. “ಆತು, ಬಸ್ಸಿನ ಹೊತ್ತಾತು, ಹೋಗಿ ಬಾ” ಅಂದು ಒಳಗೆ ಹೋದಳು. ಒಳಗಿನಿಂದ ಪಾತ್ರೆ ತೊಳೆಯುವ ಸಪ್ಪಳ ಶುರುವಾಯಿತು. ಅವನು ಉಳಿದ ಉಂಡಿಯನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಬಂದ. ಬಸ್ಸಿನ ತುಂಬ ಹೊಸ ಸೀರೆ ಉಟ್ಟ ಹೆಣ್ಣುಮಕ್ಕಳು, ಅವರ ಗಂಟು ಹಿಡಿದ ಅಣ್ಣಂದಿರು. ಘಟಪ್ರಭಾದ ತನಕ ನಿಂತೇ ಹೋದ.

ಮನೆಗೆ ಬಂದಾಗ ಭಾಗ್ಯಾ ಬಾಗಿಲಲ್ಲೇ ಇದ್ದಳು. ಅವನ ಹಿಂದೆ ಯಾರೂ ಇಲ್ಲದ್ದು ನೋಡಿ, “ಬರಲಿಲ್ಲೇನ್ರಿ?” ಅಂದಳು.

“ಇಲ್ಲ.”

ಪಂಚಮಿಗೆ ಅಕ್ಕನಿಗೆಂದು ತಂದಿಟ್ಟಿದ್ದ ಕುಪ್ಪಸದ ಖಣ ಮಂಚದ ಮೇಲೆ ಇತ್ತು. ಭಾಗ್ಯಾ ಅದನ್ನು ತೆಗೆದು, ಟ್ರಂಕಿನಲ್ಲಿದ್ದ ಹೋದ ಎರಡು ವರ್ಷದ ಖಣಗಳ ಮೇಲೆ ಇಟ್ಟು, ಮುಚ್ಚಿ, ಗಂಡನಿಗೆ ಕಾಲಿಗೆ ನೀರು ಕೊಡಲು ಹೋದಳು.